ಎಲ್ಲವೂ ಎಡದ ತೋಳು

ಆ ಬೀದಿಯಲ್ಲಿ ಅತ್ತೆಯನ್ನು ಹೆಸರು ಹಿಡಿದು ಕರೆಯುವವರು ಒಬ್ಬರೂ ಇರಲಿಲ್ಲ. ಹಾಲಿನವನಿಂದ ಹಿಡಿದು ಎದುರು ಮನೆಯ ಡಾಕ್ಟರರವರೆಗೆ ಎಲ್ಲರಿಗೂ ಅವರು ಪರವಾಗಿಲ್ಲಮ್ಮ. ಹೊಲಿಗೆ ಯಂತ್ರದ ಸೂಜಿ ಮುರಿದರೆ ಪರವಾಗಿಲ್ಲ, ಬಟ್ಟೆ ಕೊಟ್ಟವರು ತಿಂಗಳುಗಟ್ಟಲೆ ಇತ್ತ ತಲೆ ಹಾಕದಿದ್ದರೆ ಪರವಾಗಿಲ್ಲ, ಒಗೆದು ಹರವಿದ್ದರ ಮೇಲೆ ಕಾಗೆ ತನ್ನ ಕೆಲಸ ಮುಗಿಸಿ ಹಾರಿಹೋದರೂ ಪರವಾಗಿಲ್ಲ. ಸೊಸೆಯ ಬಾಯಲ್ಲಿದ್ದುದು ಇನ್ನೊಂದೇ ಮಾತು: ಅಯ್ಯೋ. ದಾರ ತುಂಡಾದರೆ ಅಯ್ಯೋ, ಆಗದಿದ್ದರೆ ಇನ್ನೂ ಯಾಕೆ ಆಗಲಿಲ್ಲ ಎಂದು ಅಯ್ಯೋ. ಬೀದಿಗೆ ತೆರೆದ ಕಿಟಕಿಯ ಹಿಂದೆ ಎರಡು ಯಂತ್ರಗಳ ಮುಂದೆ ಕೂತು ಇಬ್ಬರೂ ದಿನವಿಡೀ ಈ ಎರಡು ಮಾತನ್ನೇ ಆಡಿಕೊಳ್ಳುತ್ತಿದ್ದರು. ಹೋಗಿ ಬರುವವರಿಗೆ ಪುಕ್ಕಟೆ ಮನರಂಜನೆ.

ಹಾಗೆಂದು ಸೊಸೆಯನ್ನು ಬರೀ ಅಳುಮುಂಜಿ ಎಂದು ತಳ್ಳಿಹಾಕುವುದು ಸರಿಯಲ್ಲ. ತನ್ನ ಕೈಗುಣ ಚೆನ್ನಾಗಿಲ್ಲ ಎಂಬುದು ಚಿಕ್ಕಂದಿನಲ್ಲೇ ಅವಳ ತಲೆಯಲ್ಲಿ ಬೇರೂರಿತ್ತು. ತವರಿನಲ್ಲಿ ಅಕ್ಕ ನೆಟ್ಟ ಗಿಡ ಚಿಗುರಿತ್ತು, ಇವಳು ನೆಟ್ಟದ್ದು ಬಾಡಿತ್ತು. ಇವಳು ಕಾಯಿಸಿದ ಹಾಲು ಒಡೆದಿತ್ತು. ಇವಳ ಗಿಡಕ್ಕೆ ಸಿಕ್ಕಿದ್ದು ಬಿಸಿಲು ಬೀಳದ ಮೂಲೆ, ಹಾಲು ಹಿಂದಿನ ದಿನದ್ದು ಎಂದು ಹೇಳುವ ಪುಣ್ಯಾತ್ಮರು ಆ ಮನೆಯಲ್ಲಿ ಇರಲಿಲ್ಲ. "ನಿನ್ನ ಕೈಗುಣಾನೇ ಅಷ್ಟು ಕಣೇ" ಎಂದು ಅಕ್ಕ ನಗುತ್ತಾ ಆಡಿದ ಮಾತನ್ನು ಅಕ್ಕ ಅಲ್ಲೇ ಮರೆತಳು, ಇವಳು ಗಂಡನ ಮನೆಗೂ ಹೊತ್ತು ತಂದಳು. ಅತ್ತೆಯಿಂದ ಹೊಲಿಗೆ ಕಲಿತು ಪಳಗಿದಳು, ಆದರೆ ಕತ್ತರಿ ಹಿಡಿಯಲು ಹಿಂದೇಟು. ಹೊಲಿಗೆ ತಪ್ಪಾದರೆ ಬಿಚ್ಚಬಹುದು, ಕತ್ತರಿಸಿದ ಬಟ್ಟೆಯನ್ನು ಏನು ಮಾಡುವುದು ಎಂಬುದು ಅವಳ ಭಯ. ಅಂಗಿ, ದಿಂಬಿನ ಚೀಲ ಇಂಥವನ್ನಷ್ಟೇ ಕತ್ತರಿಸಿ ದೊಡ್ಡದನ್ನೆಲ್ಲ ಅತ್ತೆಯ ಮುಂದೆ ಸರಿಸುತ್ತಿದ್ದಳು.

ಆ ಮನೆಯಲ್ಲಿ ಒಂದು ಕಟ್ಟಳೆಯಿತ್ತು. ಏನೇ ಹಾಳಾಗಲಿ, ಏನೇ ಕೈತಪ್ಪಲಿ, ಉಳಿದದ್ದನ್ನೆಲ್ಲ ತಂದು ಬಟ್ಟೆ ಕತ್ತರಿಸುವ ಆ ಉದ್ದನೆಯ ಮೇಜಿನ ಮೇಲೆ ಹರಡದೆ ಯಾರೂ ಅಳುವಂತಿಲ್ಲ. "ಅಳೋದು ಆಮೇಲೆ. ಮೊದಲು ಉಳಿದಿದ್ದನ್ನ ತಾ" ಎನ್ನುತ್ತಿದ್ದರು ಅತ್ತೆ. ಅವರ ಮಗ ಶಾಲೆಯಲ್ಲಿ ಫೇಲಾಗಿ ಮುಖ ಊದಿಸಿಕೊಂಡು ಬಂದ ದಿನ ಅವನೂ ಜೇಬು ಖಾಲಿ ಮಾಡಬೇಕಾಯಿತಂತೆ. ಸೈಕಲ್ಲಿನ ಬೀಗದ ಕೈ ಬಿತ್ತು, ಎರಡು ಡ್ರಮ್ಮಿನ ಕೋಲು ಬಿದ್ದವು. "ಗಾಡಿ ಓಡಿಸೋಕೆ ಬರುತ್ತೆ, ಬಾರಿಸೋಕೆ ಬರುತ್ತೆ. ಪರವಾಗಿಲ್ಲ" ಎಂದರಂತೆ ಅತ್ತೆ. ಈಗ ಅವನು ಬಸ್ ಡ್ರೈವರ್, ಡಿಪೋದ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ಮು ಬಾರಿಸುವವನೂ ಅವನೇ. ಸೊಸೆಗೆ ಮಾತ್ರ ಈ ಕಟ್ಟಳೆ ಕಂಡರೆ ಸಿಟ್ಟು. ಅಳು ಬಂದಾಗ ಅಳಲೂ ಬಿಡದ ಮನೆ ಇದೆಂಥದು ಎಂದು ಒಳಗೊಳಗೇ ಗೊಣಗುತ್ತಿದ್ದಳು.

ಕಥೆ ಶುರುವಾದದ್ದು ಆ ಬ್ಯಾಂಡಿನಿಂದಲೇ. ವರ್ಷಕ್ಕೊಮ್ಮೆ ಎಲ್ಲ ಡಿಪೋಗಳ ಬ್ಯಾಂಡುಗಳೂ ದೊಡ್ಡ ಮೈದಾನದಲ್ಲಿ ಸೇರುತ್ತಿದ್ದವು. ಉಳಿದವರದು ಥಳಥಳ ಹೊಳೆಯುವ ಉಡುಪು, ಇವರದು ಬಸ್ ಓಡಿಸುವಾಗಿನ ಅದೇ ಬೂದು ಕೋಟು. ಇವರು ಮೈದಾನಕ್ಕಿಳಿದ ಕೂಡಲೇ ಯಾರಾದರೊಬ್ಬ ಕಿಡಿಗೇಡಿ "ಬಸ್ ಎಲ್ಲಿ ನಿಲ್ಲಿಸಿದ್ರಿ ಸಾರ್?" ಎಂದು ಕೂಗುತ್ತಿದ್ದ. ಆ ನಗುವಿನ ಮಧ್ಯೆಯೇ ಇವರು ತುತ್ತೂರಿ ಊದಬೇಕು. ಈ ವರ್ಷ ಮುಚ್ಚಿಹೋದ ಚಿತ್ರಮಂದಿರವೊಂದರ ಯಜಮಾನ ತನ್ನ ತೆರೆಯ ಮುಂದಿನ ಕೆಂಪು ವೆಲ್ವೆಟ್ ಪರದೆಯನ್ನು ಬ್ಯಾಂಡಿಗೆ ಕೊಟ್ಟುಬಿಟ್ಟಿದ್ದ. ಡ್ರೈವರುಗಳು ಅದನ್ನು ಡಿಪೋದ ಬಸ್ ತೊಳೆಯುವ ಜಾಗದಲ್ಲಿ ತೊಳೆದು, ಒಣಗಿಸಿ, ಹೆಗಲ ಮೇಲೆ ಹೊತ್ತು ತಂದು ಕಿಟಕಿಯ ಒಳಗೆ ಇಳಿಸಿದ್ದರು. "ನಮ್ಮಮ್ಮ ಹೊಲಿದ ಕೋಟು ಹಾಕ್ಕೊಂಡು ಹೋದ್ರೆ ಆ ಮೈದಾನದಲ್ಲಿ ಒಬ್ರೂ ಬಾಯಿ ಬಿಡಲ್ಲ" ಎಂದು ಸೊಸೆಯ ಗಂಡ ಡಿಪೋ ತುಂಬ ಜಂಭ ಕೊಚ್ಚಿ ಬಂದಿದ್ದ.

ಕೋಟಿನ ಮೈಭಾಗವನ್ನೆಲ್ಲ ಅತ್ತೆಯೇ ಕತ್ತರಿಸಿ ಹೊಲಿದು ಮುಗಿಸಿದರು. ತೋಳುಗಳು ಮಾತ್ರ ಉಳಿದಿದ್ದಾಗ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಪ್ಲಾಸ್ಟರ್ ಹಾಕಿದ ಕೈಯನ್ನು ಎತ್ತಿ ತೋರಿಸಿ, "ಪರವಾಗಿಲ್ಲ, ಎಡಗೈ ಇದೆಯಲ್ಲ. ಅದಕ್ಕಿಂತ ಹೆಚ್ಚಾಗಿ ನೀನಿದ್ದೀಯ. ತೋಳು ನೀನು ಕತ್ತರಿಸು" ಎಂದರು.

"ಅಯ್ಯೋ, ನಾನಾ? ಬೇಡ ಅತ್ತೆ, ನನ್ನ ಕೈಗುಣ ನಿಮಗೆ ಗೊತ್ತಿಲ್ಲ."

"ಗೊತ್ತಿದ್ದೇ ಹೇಳ್ತಿರೋದು ಕಣೇ."

ಮರುದಿನ ಬೆಳಿಗ್ಗೆ ಗಂಡ ತಾಯಿಯನ್ನು ಕೈ ಇನ್ನೊಮ್ಮೆ ತೋರಿಸಲು ಆಸ್ಪತ್ರೆಗೆ ಕರೆದೊಯ್ದ. ಸೊಸೆ ಒಬ್ಬಳೇ ಬಾಗಿಲು ಹಾಕಿಕೊಂಡು ಅತ್ತೆಯ ದೊಡ್ಡ ಕತ್ತರಿಯನ್ನು ಕೈಗೆತ್ತಿಕೊಂಡಳು. ಇದೊಂದನ್ನು ಸರಿಯಾಗಿ ಮಾಡಿದರೆ ಅಕ್ಕನ ಆ ಹಳೆಯ ಮಾತನ್ನು ಜನ್ಮದಲ್ಲಿ ಮತ್ತೆ ನೆನೆಯುವುದಿಲ್ಲ, ಕೆಟ್ಟರೆ ಕತ್ತರಿಯನ್ನೇ ಮುಟ್ಟುವುದಿಲ್ಲ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದಳು. ವೆಲ್ವೆಟ್ ಪದರಗಳನ್ನು ಒಂದರ ಮೇಲೊಂದು, ನಯವಾದ ಮುಖ ಮೇಲಾಗಿ, ಒಂದು ಸುಕ್ಕೂ ಇಲ್ಲದಂತೆ ಹಾಸಿದಳು. ಮೇಲೆ ಅಳತೆಗೆ ಮಾಡಿದ ಕಾಗದದ ತೋಳಿಟ್ಟು ಸೀಮೆಸುಣ್ಣದಿಂದ ಗೆರೆ ಎಳೆದು ಕತ್ತರಿ ಆಡಿಸಿದಳು. ಎಲ್ಲೂ ಕೈ ನಡುಗಲಿಲ್ಲ. ಒಂದು ಕಂತೆ, ಇನ್ನೊಂದು ಕಂತೆ, ಮತ್ತೊಂದು. ಅಂಚುಗಳು ಎಷ್ಟು ನೇರವಾಗಿದ್ದವೆಂದರೆ ಸೊಸೆ ಹಾಡು ಗುನುಗಲು ಶುರುಮಾಡಿದ್ದಳು, ಅವಳು ಬಂದಂದಿನಿಂದ ಆ ಮನೆ ಕೇಳಿರದ ಸದ್ದು ಅದು.

ಮೊದಲ ಕೋಟನ್ನು ಮರದ ಗೊಂಬೆಗೆ ತೊಡಿಸಿ ಎಡತೋಳನ್ನು ಗುಂಡುಸೂಜಿಯಿಂದ ಸಿಕ್ಕಿಸಿದಳು. ಬೊಂಬಾಟಾಗಿ ಕೂತಿತು. ಬಲತೋಳು ಸಿಕ್ಕಿಸಲು ಹೋದರೆ ಬಾಗು ಹಿಂದುಮುಂದಾಗಿತ್ತು. ತಿರುಗಿಸಿದಳು. ಬಾಗು ಸರಿಹೋಯಿತು, ಆದರೆ ವೆಲ್ವೆಟ್ಟಿನ ನಯ ಒಳಗೆ, ಒರಟು ಬೆನ್ನು ಹೊರಗೆ. ಇನ್ನೊಂದು ತೋಳು ತೆಗೆದುಕೊಂಡಳು, ಅದೂ ಹಾಗೇ. ಕಂತೆಯ ಅಡಿಯಿಂದ ಎಳೆದಳು, ನಡುವಿನಿಂದ ಎಳೆದಳು. ಎಲ್ಲವೂ ಹಾಗೇ.

ಆಗಿದ್ದಿಷ್ಟೇ. ಅಂಗಿ ಬಟ್ಟೆಗೆ ಎರಡು ಮುಖವೂ ಒಂದೇ, ಕತ್ತರಿಸಿದ ತೋಳನ್ನು ಮಗುಚಿದರೆ ಎಡದ್ದು ಬಲದ್ದಾಗುತ್ತದೆ. ಇಷ್ಟು ದಿನ ಅವಳು ಕತ್ತರಿಸಿದ್ದೆಲ್ಲ ಅಂಥ ಬಟ್ಟೆಯನ್ನೇ. ವೆಲ್ವೆಟ್ಟಿಗೆ ಮುಖ ಒಂದೇ. ಅರ್ಧ ಕಂತೆಗೆ ಕಾಗದದ ತೋಳನ್ನು ಮಗುಚಿ ಇಡಬೇಕಿತ್ತು, ಅವಳು ಮಗುಚಲಿಲ್ಲ. ಅಷ್ಟು ಅಚ್ಚುಕಟ್ಟಾಗಿ, ಅಷ್ಟು ಪ್ರೀತಿಯಿಂದ ಅವಳು ಕತ್ತರಿಸಿದ್ದ ಪ್ರತಿಯೊಂದು ತೋಳೂ ಎಡದ ತೋಳಾಗಿತ್ತು. ಇಡೀ ಬ್ಯಾಂಡಿಗೆ ಎರಡೆರಡು ಎಡಗೈ. ಪರದೆ ಪೂರ್ತಿ ಮುಗಿದಿತ್ತು, ಅದರ ಜೋಡಿ ಪರದೆ ಪ್ರಪಂಚದಲ್ಲೇ ಇರಲಿಲ್ಲ.

ಆಸ್ಪತ್ರೆಯಿಂದ ತಾಯಿ ಮಗ ಬಂದಾಗ ಅವಳು ನೆಲದ ಮೇಲೆ ಕೂತು ತಲೆಯ ಮೇಲೆ ಕೈ ಹೊತ್ತಿದ್ದಳು. ಗಂಡ ಒಂದು ತೋಳೆತ್ತಿ ನೋಡಿದ, ಇನ್ನೊಂದೆತ್ತಿ ನೋಡಿದ, ಡಿಪೋದಲ್ಲಿ ತಾನು ಕೊಚ್ಚಿದ ಜಂಭ ನೆನಪಾಗಿ ಸುಮ್ಮನೆ ಸ್ಟೂಲಿನ ಮೇಲೆ ಕುಸಿದ.

"ಹೇಳಿರಲಿಲ್ವಾ ಅತ್ತೆ?" ಎಂದಳು ಅವಳು. "ನಾನು ಕೈಯಿಟ್ಟಿದ್ದೆಲ್ಲ ಹೀಗೇನೇ. ಎಲ್ಲಾ ಮಣ್ಣುಪಾಲಾಯ್ತು."

ಅತ್ತೆ ತೋಳುಗಳನ್ನು ನೋಡಿದರು. ಒಂದು ಕ್ಷಣ ಅವರ ಬಾಯಿಂದಲೂ ಪರವಾಗಿಲ್ಲ ಹೊರಡಲಿಲ್ಲ. ಸೊಸೆ ಅದನ್ನು ಗಮನಿಸಿದಳು, ಅವಳಿಗೆ ಇನ್ನಷ್ಟು ಭಯವಾಯಿತು. ಆಮೇಲೆ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಏಳು. ಅಳೋದು ಆಮೇಲೆ. ಉಳಿದಿದ್ದನ್ನ ತಾ" ಎಂದರು.

"ಏನುಳಿದಿದೆ ಅತ್ತೆ? ಎಡದ ತೋಳು ಉಳಿದಿದೆ. ಬೇಕಾದಷ್ಟು ಇದೆ!"

"ಅದನ್ನೇ ತಾ."

ಹಲ್ಲು ಕಚ್ಚಿಕೊಂಡು ಎದ್ದಳು. ಹೆಚ್ಚುವರಿ ತೋಳುಗಳನ್ನು ತಂದು ಮೇಜಿನ ಮೇಲೆ ಎಸೆದಳು. ಲೈನಿಂಗ್ ತುಂಡು, ಗುಂಡಿ ಡಬ್ಬಿ, ಯಾರದೋ ಮನೆಯ ಕಿಟಕಿ ಪರದೆಯ ಚೂರು, ಕೈಗೆ ಸಿಕ್ಕಿದ್ದೆಲ್ಲ ತಂದು ಸುರಿದಳು. ಗಂಡ ಬೂಟಿನ ಬ್ರಷ್ ತಂದಿಟ್ಟು ತಾಯಿಯಿಂದ ಬೈಸಿಕೊಂಡ. ಅತ್ತೆ ಒಳಗೆ ಹೋಗಿ ಪೆಟ್ಟಿಗೆಯ ಮುಚ್ಚಳ ಎತ್ತುವ ಸದ್ದಾಯಿತು. ಎಡಗೈಯಲ್ಲಿ ಒಂದು ಹಳೆಯ ಬೂದು ಕೋಟು ಹಿಡಿದು ಬಂದರು. ಅದು ಅವರ ಗಂಡನದು. ಅವರೂ ಇದೇ ಡಿಪೋದಲ್ಲಿ ಡ್ರೈವರಾಗಿದ್ದವರು, ಮಗ ಇನ್ನೂ ಸರಿಯಾಗಿ ಮಾತು ಕಲಿಯುವ ಮುಂಚೆ ತೀರಿಕೊಂಡಿದ್ದರು. ಆ ಕೋಟಿನ ಬಗ್ಗೆ ಸೊಸೆ ಕೇಳಿದ್ದಳು, ಕಣ್ಣಾರೆ ಕಂಡಿರಲಿಲ್ಲ.

"ಅಮ್ಮಾ, ಅದು ಬೇಡ" ಎಂದ ಗಂಡ.

"ಮನೇಲಿ ಉಳಿದಿದ್ದು ಅಂದ್ರೆ ಎಲ್ಲಾನೂ" ಎಂದರು ಅತ್ತೆ, ಮತ್ತು ಅದನ್ನೂ ಮೇಜಿನ ಮೇಲೆ ಹರಡಿದರು.

ಸೊಸೆ ಕೋಟನ್ನು ನೇರಮಾಡಲು ಹೋಗಿ ನಿಂತಳು. ಎಡತೋಳು ಕಡು ಬೂದು, ಬಲತೋಳು ಮಾತ್ರ ತಿಳಿ ಬೂದು. ಭುಜದಿಂದ ಮುಂಗೈವರೆಗೆ ಬಣ್ಣ ಇಳಿದಿತ್ತು. ಮೊಣಕೈ ಹತ್ತಿರ ತೇಪೆ ಇತ್ತು.

"ಇದ್ಯಾಕೆ ಒಂದೇ ತೋಳು ಹೀಗೆ?"

"ಕಿಟಕಿ ಕಡೆಯ ಕೈ ಅಲ್ವಾ" ಎಂದ ಗಂಡ. "ಬೆಳಿಗ್ಗೆಯಿಂದ ಸಂಜೆವರೆಗೆ ಬಿಸಿಲೆಲ್ಲ ಆ ತೋಳಿಗೇ. ನನ್ನದೂ ಹಂಗೇ ಇದೆ ನೋಡು. ಎಲ್ಲಾ ಡ್ರೈವರದ್ದೂ ಹಂಗೇ. ಡಿಪೋದಲ್ಲಿ ತೋಳು ನೋಡಿ ಎಷ್ಟು ವರ್ಷದ ಸರ್ವಿಸ್ಸು ಅಂತ ಹೇಳಿಬಿಡ್ತಾರೆ."

ಅಳು ಎಲ್ಲಿಗೆ ಹೋಯಿತೋ ಅವಳಿಗೇ ತಿಳಿಯದು. ತಪ್ಪು ಹಾಗೇ ಇತ್ತು, ರಾಶಿ ಎಡತೋಳೂ ಹಾಗೇ ಬಿದ್ದಿತ್ತು, ಆದರೆ ಅವಳು ನೋಡುತ್ತಿದ್ದುದು ಬೇರೇನನ್ನೋ. ಆ ಮಾಸಿದ ತೋಳನ್ನು ಎತ್ತಿ ಗೊಂಬೆಯ ಬಲಭುಜಕ್ಕೆ ಹಿಡಿದಳು. ಕೆಂಪು ಮೈ, ಕೆಂಪು ಎಡತೋಳು, ಬಿಸಿಲು ಕುಡಿದ ಬೂದು ಬಲತೋಳು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು, ತಲೆ ವಾರೆ ಮಾಡಿ ನೋಡಿದಳು.

"ಅತ್ತೆ," ಎಂದಳು ಮೆಲ್ಲಗೆ, "ಇದನ್ನ ಬಿಚ್ಚಲಾ?"

ಅತ್ತೆ ತೋಳಿನ ಮೇಲೆ ಒಮ್ಮೆ ಕೈಯಾಡಿಸಿದರು. "ಬಿಚ್ಚು. ಹೊಲಿಗೆ ನಂದೇ, ನೋಡ್ಕೊಂಡು ಬಿಚ್ಚು" ಎಂದರು.

ಅಂದು ಮಧ್ಯಾಹ್ನ ಊಟಕ್ಕೂ ಏಳದೆ ಹೊಲಿದಳು. ಬೂದು ತೋಳಿನ ಮುಂಗೈಗೆ ಹೆಚ್ಚುವರಿ ಎಡತೋಳಿನಿಂದ ಒಂದು ಕೆಂಪು ಪಟ್ಟಿ ಕೊಟ್ಟಳು, ಎರಡು ಬಟ್ಟೆಗೂ ನಂಟು ಬೆಳೆಯಲಿ ಎಂದು. ತೇಪೆಯನ್ನು ತೆಗೆಯಲಿಲ್ಲ. ಗಂಡ ತೊಟ್ಟು ಕನ್ನಡಿಯ ಮುಂದೆ ನಿಂತ. ಅಪ್ಪನ ತೋಳು ಅವನಿಗೆ ಸರಿಯಾಗಿ ಹಿಡಿಸಿತ್ತು. ತುಂಬಾ ಹೊತ್ತು ಆ ತೋಳನ್ನೇ ನೋಡಿ, "ಚೆನ್ನಾಗಿದೆ. ಆದ್ರೆ ಬ್ಯಾಂಡ್ ಮಾಸ್ತರು ಕೇಳಿದ್ರೆ ತಪ್ಪಾಯ್ತು ಅನ್ಬೇಡ. ಇದು ಹೊಸ ಫ್ಯಾಷನ್ನು ಅಂತ ಹೇಳಿಬಿಡೋಣ" ಎಂದ.

"ಸುಳ್ಳು ಹೇಳಿ ಹಾಕಿಸಬೇಕಾದ ಕೋಟಲ್ಲ ಇದು" ಎಂದಳು ಅವಳು. ಆ ದನಿ ಕೇಳಿ ಗಂಡ ತಾಯಿಯ ಮುಖ ನೋಡಿದ, ತಾಯಿ ಕಿಟಕಿಯ ಆಚೆ ನೋಡಿದರು.

ಬ್ಯಾಂಡ್ ಮಾಸ್ತರು ನಿವೃತ್ತ ಡ್ರೈವರ್. ಅವರು ನಕ್ಕದ್ದನ್ನು ಕಂಡವರು ಡಿಪೋದಲ್ಲಿ ಕಡಿಮೆ. ಮರುದಿನ ಸಂಜೆ ಅವರು ಕೋಟು ನೋಡಲು ಬಂದವರೇ ಬಾಗಿಲಲ್ಲೇ ನಿಂತು, "ಇದೇನಿದು? ಅರ್ಧ ರಾಜ, ಅರ್ಧ ಡ್ರೈವರ್! ನಗೋಕೆ ಜನ ಕಾಯ್ತಿದಾರೆ, ನೀವು ಹೊಲಿದು ಬೇರೆ ಕೊಡ್ತೀರಾ?" ಎಂದರು.

ಗಂಡ ಫ್ಯಾಷನ್ ಎನ್ನಲು ಬಾಯಿ ತೆರೆದ. ಅವಳು ಅವನ ಮುಂದೆ ಬಂದು ನಿಂತಳು.

"ಮಾಸ್ತರೇ, ತೋಳು ಕತ್ತರಿಸಿದ್ದು ನಾನು. ತಪ್ಪು ಕತ್ತರಿಸಿದೆ. ಇಡೀ ಬ್ಯಾಂಡಿಗೆ ಎಲ್ಲಾ ಎಡದ ತೋಳೇ ಆಯ್ತು. ಅತ್ತೇದು ಏನೂ ತಪ್ಪಿಲ್ಲ. ಆದ್ರೆ ಈ ಬಲತೋಳು ತಪ್ಪಲ್ಲ. ಇದನ್ನ ಬೇಕು ಅಂತಾನೇ ಹಚ್ಚಿದೀನಿ. ಹತ್ತಿರ ಬಂದು ನೋಡಿ. ಬೇಡ ಅಂದ್ರೆ ಬಿಚ್ಚಿಬಿಡ್ತೀನಿ."

ಇಷ್ಟು ಹೇಳಿಯೂ ಅವಳು ತಲೆ ತಗ್ಗಿಸಲಿಲ್ಲ. ಮಾಸ್ತರು ಹತ್ತಿರ ಬಂದರು. ತೋಳನ್ನು ಎತ್ತಿ ಮೊಣಕೈಯ ತೇಪೆಯ ಮೇಲೆ ಹೆಬ್ಬೆರಳಿಟ್ಟರು. ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು.

"ಇದು ಅವನ ಕೋಟಲ್ವಾ?" ಎಂದರು ಅತ್ತೆಯ ಕಡೆ ತಿರುಗಿ. "ಇಂಜಿನ್ ಬಾನೆಟ್ಟಿಗೆ ಸಿಕ್ಕಿ ಹರಿದಾಗ ಪಕ್ಕದಲ್ಲೇ ಇದ್ದೆ ನಾನು. ಹೆಂಡತಿ ಬೈತಾಳೆ ಅಂತ ದಿನವಿಡೀ ಒದ್ದಾಡ್ದ."

"ಬೈದೆ" ಎಂದರು ಅತ್ತೆ. "ಬೈದು ತೇಪೆ ಹಾಕಿಕೊಟ್ಟೆ."

ಮಾಸ್ತರು ಹೊರಟು ಹೊಸಿಲು ದಾಟುವಾಗ ನಿಂತು, "ತಂಗೀ, ನಾಳೆ ನನ್ನ ಹಳೇ ಕೋಟು ಕಳಿಸ್ತೀನಿ. ತೋಳು ಒಗೀಬೇಡ, ಇದ್ದ ಬಣ್ಣ ಹಂಗೇ ಇರಲಿ" ಎಂದರು.

ಕೋಟುಗಳು ಬಂದವು ನೋಡಿ! ಒಬ್ಬರ ಜೇಬಿನಲ್ಲಿ ಹಲ್ಲು ಮುರಿದ ಬಾಚಣಿಗೆ, ಇನ್ನೊಬ್ಬರ ಜೇಬಿನಲ್ಲಿ ಕರಗಿ ಅಂಟಿದ ಪೆಪ್ಪರ್‌ಮಿಂಟು. ತುತ್ತೂರಿಯವನ ಕೋಟು ಅವನ ಮನೆಯ ನಾಯಿಯ ಹಾಸಿಗೆಯಾಗಿತ್ತು. ಅದನ್ನು ನಾಯಿಯಿಂದ ಕಸಿದು ತರುವುದರಲ್ಲಿ ಅವನಿಗೆ ಸಾಕುಬೇಕಾಗಿತ್ತು, ಮಾಸ್ತರು ಏನೇ ಹೇಳಲಿ ಅದೊಂದನ್ನು ಒಗೆಯದೆ ವಿಧಿಯಿರಲಿಲ್ಲ. ಸೊಸೆ ಬಿಚ್ಚಿದಳು, ಹೊಲಿದಳು, ಮೂಗು ಮುಚ್ಚಿಕೊಂಡು ನಕ್ಕಳು. ಉಳಿದ ಎಡತೋಳುಗಳಿಂದ ಟೋಪಿಗಳಾದವು, ದೊಡ್ಡ ಡ್ರಮ್ಮಿಗೊಂದು ಕೆಂಪು ಸುತ್ತುಪಟ್ಟಿಯಾಯಿತು. ಅತ್ತೆ ಒಂದೇ ಕೈಯಲ್ಲಿ ಗುಂಡಿ ಆರಿಸಿಕೊಡುತ್ತಾ ಕೂತಿದ್ದರು. ದಾರ ತುಂಡಾದರೂ ಅಯ್ಯೋ ಕೇಳಿಬರದಿದ್ದುದಕ್ಕೆ ಎರಡು ಸಲ ತಲೆಯೆತ್ತಿ ನೋಡಿದರು.

ಬ್ಯಾಂಡುಗಳು ಸೇರುವ ಆ ದಿನ ಮೈದಾನ ತುಂಬಿತ್ತು. ಒಳ್ಳೆಯ ಎಳೆಬಿಸಿಲು. ಅತ್ತೆ ಸೊಸೆಗೆ ಎರಡನೆಯ ಸಾಲಿನಲ್ಲಿ ಜಾಗ ಸಿಕ್ಕಿತು. ಇವರ ಬ್ಯಾಂಡು ಬಲಗಡೆಯ ಬಾಗಿಲಿನಿಂದ ಒಳಬಂದದ್ದರಿಂದ ಇತ್ತ ಕೂತವರಿಗೆ ಮೊದಲು ಕಂಡದ್ದು ಎಡಮಗ್ಗುಲು, ಪೂರ್ತಿ ಕೆಂಪು. "ಅಬ್ಬಾ" ಎಂದರು ಯಾರೋ. ಮೈದಾನದ ತುದಿಗೆ ಹೋಗಿ ಹಿಂತಿರುಗಿದಾಗ ಬಲಮಗ್ಗುಲು ಕಂಡಿತು, ಸಾಲಿಗೆ ಸಾಲೇ ಬೂದು ತೋಳು. ಅಲ್ಲೊಂದು ಇಲ್ಲೊಂದು ನಗು ಕೇಳಿಸಿತು. ಅದೇ ಕಿಡಿಗೇಡಿ ಎದ್ದು, "ಬಸ್ ಎಲ್ಲಿ..." ಎಂದು ಶುರುಮಾಡಿದ. ಸೊಸೆ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು.

ಮಾಸ್ತರು ಕೋಲೆತ್ತಿದರು. ಅವರೊಂದಿಗೆ ಇಡೀ ಬ್ಯಾಂಡಿನ ಬಲಗೈಗಳು ಒಟ್ಟಿಗೆ ಮೇಲೆದ್ದವು. ಕೆಂಪಿನ ಮೇಲೆ ಆ ಮಾಸಿದ ತೋಳುಗಳು ಬಿಸಿಲಿಗೆ ಎದ್ದು ನಿಂತಾಗ ಯಾರ ತೋಳು ಹೊಸತು, ಯಾರದು ಹಳೆಯದು, ಯಾರು ಎಷ್ಟು ಬಿಸಿಲು ಉಂಡಿದ್ದಾರೆ, ಎಲ್ಲವೂ ಕಾಣುತ್ತಿತ್ತು. ಮೈದಾನದ ಸುತ್ತ ಕೂತವರಲ್ಲಿ ಮುಕ್ಕಾಲುಪಾಲು ಡ್ರೈವರುಗಳು, ಅವರ ಹೆಂಡತಿ ಮಕ್ಕಳು. ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕಿಡಿಗೇಡಿಯ ಪಕ್ಕದಲ್ಲಿದ್ದ ಮುದುಕರೊಬ್ಬರು ಅವನ ಅಂಗಿ ಹಿಡಿದೆಳೆದು ಕೂರಿಸಿ ತಾವು ಎದ್ದು ನಿಂತರು, ತಮ್ಮ ಬಲಗೈಯನ್ನು ಮೇಲೆತ್ತಿದರು. ಇನ್ನೊಬ್ಬರು ಎದ್ದರು. ಥಳಥಳ ಉಡುಪಿನ ಬೇರೆ ಡಿಪೋಗಳವರೂ ತಮ್ಮ ತೋಳನ್ನೊಮ್ಮೆ ನೋಡಿಕೊಂಡು ಎದ್ದರು. ಆಮೇಲೆ ದೊಡ್ಡ ಡ್ರಮ್ಮು ಗುಡುಗಿತು.

ಸೊಸೆಯ ಎದೆ ಹೆಮ್ಮೆಯಿಂದ ಉಬ್ಬಿತು. ಇದು ತನ್ನ ತಪ್ಪು, ತನ್ನ ಕೆಲಸ, ಎರಡೂ ತನ್ನದೇ ಎಂದುಕೊಂಡಳು, ಎರಡನ್ನೂ ಯಾರಿಗೂ ಬಿಟ್ಟುಕೊಡುವ ಮನಸ್ಸಾಗಲಿಲ್ಲ. ನಗುತ್ತಾ ಅತ್ತೆಯ ಕಡೆ ತಿರುಗಿದಳು. ಅತ್ತೆಯ ಕಣ್ಣು ಡ್ರಮ್ಮಿನ ಮೇಲೆ ಏಳುತ್ತಾ ಬೀಳುತ್ತಾ ಇದ್ದ ತೇಪೆ ಹಾಕಿದ ತೋಳಿನ ಮೇಲೆ ನಿಂತಿತ್ತು. ಬಾಯಿ ಬಿಗಿಯಾಗಿತ್ತು, ಗಲ್ಲ ನಡುಗುತ್ತಿತ್ತು.

"ಅತ್ತೆ?"

"ನಿಮ್ಮ ಮಾವ ಹೋದ ದಿನ ಆ ಮೇಜಿನ ಮೇಲೆ ಉಳಿದಿದ್ದನ್ನೆಲ್ಲ ಹರಡಿದೆ ಕಣೇ" ಎಂದರು ಅತ್ತೆ, ಕಣ್ಣು ತೆಗೆಯದೆ. "ಆ ಕೋಟಿತ್ತು, ಕತ್ತರಿ ಇತ್ತು. ಇವನನ್ನೂ ಎತ್ತಿ ಅದರ ಮೇಲೇ ಕೂರಿಸಿದ್ದೆ. ಅಳೋದು ಆಮೇಲೆ ಅಂದ್ಕೊಂಡೆ. ಆಮೇಲೆ ಕೆಲಸ ಬಂತು, ಇವನ ಶಾಲೆ ಬಂತು. ಪುರುಸೊತ್ತೇ ಆಗ್ಲಿಲ್ಲ."

ಸೊಸೆ ಪ್ಲಾಸ್ಟರ್ ಹಾಕಿದ ಆ ಕೈಯನ್ನು ಮೆಲ್ಲಗೆ ತನ್ನ ಮಡಿಲಿಗೆ ಎಳೆದುಕೊಂಡಳು.

"ಪರವಾಗಿಲ್ಲ ಅತ್ತೆ" ಎಂದಳು. "ಈಗ ಅಳಿ."

ಅತ್ತೆ ಅತ್ತರು. ಬ್ಯಾಂಡಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಅಳು ಮುಗಿದ ಮೇಲೆ ಸೊಸೆಯ ಸೆರಗಿನಲ್ಲೇ ಮೂಗು ಒರೆಸಿಕೊಂಡು, ಮತ್ತೆ ಮೊದಲಿನ ಅತ್ತೆಯಾಗಿ, "ಆ ತೋಳು ಎಷ್ಟು ಚೆನ್ನಾಗಿ ಕೂತಿದೆ ನೋಡು. ಯಾರದೇ ಕೈಗುಣ ಅದು?" ಎಂದು ಕೇಳಿದರು.

"ನಂದು!" ಎಂದಳು ಸೊಸೆ. ಅಷ್ಟರಲ್ಲಿ ಡ್ರಮ್ಮು ನಿಂತಿತ್ತು. ಮುಂದಿನ ಸಾಲಿನವರೆಲ್ಲ ತಿರುಗಿ ನೋಡಿದರು. ಅವಳು ತಲೆ ತಗ್ಗಿಸಲಿಲ್ಲ.